ಇರುಳ ದಾರಿಗೆ ಇನ್ನೊಂದು ದೀಪ

ಬಳ್ಳಾರಿ ನಗರದ ಬೀದಿದೀಪಗಳು ಮುಗಿಯುವವರೆಗೆ ಮೋಟಾರ್ ಸೈಕಲಿನ ದೀಪಕ್ಕೆ ಹೆಚ್ಚಿನ ಕೆಲಸವಿಲ್ಲ. ಅಂಗಡಿಗಳ ಬೆಳಕು, ಬಸ್ಸು ಲಾರಿಗಳ ಬೆಳಕು, ಕಂಬಗಳ ಬೆಳಕು ಇವುಗಳ ನಡುವೆ ಸವಾರನ ದೀಪವು ತಾನು ಬರುತ್ತಿರುವೆನೆಂದು ಇತರರಿಗೆ ತಿಳಿಸಿದರೆ ಸಾಕು. ಕೋಟೆಯ ಗುಡ್ಡ ಬೆನ್ನ ಹಿಂದೆ ಸರಿದು, ಸಿರುಗುಪ್ಪದ ಹಾದಿಯೋ ಕುರುಗೋಡಿನ ಹಾದಿಯೋ ಮುಂದೆ ತೆರೆದುಕೊಂಡಾಗ ಅದರ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಬದಿಗಳಲ್ಲಿ ಬಹುಮಟ್ಟಿಗೆ ಎರೆಭೂಮಿ. ನಡುವೆ ಕರಿಯ ಡಾಂಬರು. ಬಿದ್ದ ಬೆಳಕಿನ ಬಹುಭಾಗವನ್ನು ನುಂಗಿ ಸುಮ್ಮನಾಗುವ ನೆಲ ಅದು.

ಈ ಸೀಮೆಯ ರಾತ್ರಿಗೆ ತನ್ನದೇ ಆದ ಸಂಚಾರವೂ ಉಂಟು. 1953ರಲ್ಲಿ ಸಿದ್ಧವಾದ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗಳಲ್ಲಿ ಹರಿಯತೊಡಗಿದ ಮೇಲೆ ಸಿರುಗುಪ್ಪದ ಸುತ್ತಣ ನೆಲ ಬತ್ತದ ಕಣಜವಾಯಿತು. ಸುಗ್ಗಿಯ ದಿನಗಳಲ್ಲಿ ಬತ್ತ ತುಂಬಿದ ಟ್ರಾಕ್ಟರುಗಳು, ರಸ್ತೆಯ ಅಂಚನ್ನೂ ಮೀರಿ ಉಬ್ಬಿದ ಹುಲ್ಲಿನ ಹೇರುಗಳು, ಕಟಾವಿನ ಯಂತ್ರಗಳು ಹೊತ್ತು ಮುಳುಗಿದ ಮೇಲೂ ಚಲಿಸುತ್ತಿರುತ್ತವೆ. ಎಷ್ಟೋ ಟ್ರೇಲರುಗಳಿಗೆ ಹಿಂದೀಪವಿಲ್ಲ. ಎತ್ತಿನ ಗಾಡಿಗಂತೂ ಅದರ ಮಾತೇ ಇಲ್ಲ. ನಗರದಲ್ಲಿ ಕೆಲಸ ಮುಗಿಸಿ ಊರು ಸೇರಬೇಕಾದ ಸವಾರ ಇವುಗಳ ಹಿಂದೆಯೇ ಬರುವವನು. ಮನೆಯಲ್ಲಿ ಊಟವಿಟ್ಟುಕೊಂಡು ಕಾಯುವವರಿಗೆ ಅವನ ದೀಪದ ಯೋಗ್ಯತೆ ಸಣ್ಣ ವಿಷಯವೇನಲ್ಲ.

ಆದ್ದರಿಂದಲೇ ಲೆಗ್‌ಗಾರ್ಡಿನ ಮೇಲೆ ಎರಡು ಪುಟ್ಟ ದೀಪಗಳನ್ನು ಕೂಡಿಸಿಕೊಳ್ಳುವ ಆಸೆ ಅನೇಕರಿಗೆ ಹುಟ್ಟುತ್ತದೆ. ಆಸೆ ಸಹಜವಾದುದು. ಅದನ್ನು ಪೂರೈಸುವ ಮುನ್ನ ವಿಚಾರಿಸಬೇಕಾದ ಕೆಲವು ಸಂಗತಿಗಳಿವೆ.

ಕಾಣುವಷ್ಟು ದೂರ, ನಿಲ್ಲುವಷ್ಟು ದೂರ

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದುವರಿಯುತ್ತದೆ. ಎದುರಿನ ಅಡಚಣೆಯನ್ನು ಕಣ್ಣು ಗುರುತಿಸಿ, ಕೈಕಾಲುಗಳು ಬ್ರೇಕನ್ನು ಒತ್ತುವುದಕ್ಕೆ ಒಂದೂವರೆ ಸೆಕೆಂಡು ಹಿಡಿದರೆ 25 ಮೀಟರ್ ಕಳೆದುಹೋಯಿತು. ಒಣ ರಸ್ತೆಯಲ್ಲಿ ಹದವಾಗಿ ಬ್ರೇಕು ಹಿಡಿದು ನಿಲ್ಲಲು ಇನ್ನೊಂದು 28 ಮೀಟರ್ ಬೇಕು. ಒಟ್ಟು 53 ಮೀಟರ್. ವೇಗ 80 ಆದರೆ ಇದೇ ಲೆಕ್ಕ 83 ಮೀಟರಿಗೆ ಏರುತ್ತದೆ. ತಗ್ಗಿಸಿದ ದೀಪದಲ್ಲಿ ಬಣ್ಣಗೆಟ್ಟ ಟ್ರೇಲರೊಂದು ಸ್ಪಷ್ಟವಾಗಿ ಕಾಣುವುದು ಐವತ್ತು ಮೀಟರಿನ ಆಸುಪಾಸಿನಲ್ಲಿ ಎಂದಿಟ್ಟುಕೊಂಡರೆ, ಎಂಬತ್ತರ ವೇಗದ ಸವಾರ ಕಾಣದ ನೆಲದ ಮೇಲೆ ನಂಬಿಕೆಯಿಂದ ಓಡುತ್ತಿದ್ದಾನೆ ಎಂದೇ ಅರ್ಥ. ಇನ್ನೊಂದು ದೀಪ ಹಾಕಿಸಿಕೊಂಡ ಧೈರ್ಯದಲ್ಲಿ ಅವನು ವೇಗವನ್ನೂ ಹೆಚ್ಚಿಸಿದನೆಂದರೆ ಲಾಭವೆಲ್ಲ ಅಲ್ಲಿಗೇ ತೀರಿತು.

ತಂತಿಯಲ್ಲಿ ಸೋರುವ ಬೆಳಕು

ಮೊದಲು ನೋಡಬೇಕಾದುದು ಇರುವ ದೀಪವನ್ನು. ಈ ಪಾಠವನ್ನು ಕನ್ನಡ ನಾಡಿಗೆ ಚೆನ್ನಾಗಿ ಕಲಿಸಿದ್ದು ನಮ್ಮ ಮೈಸೂರಿನಲ್ಲೇ ತಯಾರಾದ ಜಾವಾ. 1961ರಲ್ಲಿ ಆರಂಭವಾಗಿ 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಗಾಡಿಗಳಲ್ಲಿ 6 ವೋಲ್ಟಿನ ವಿದ್ಯುತ್ ವ್ಯವಸ್ಥೆ ಇತ್ತು. ಎಂಜಿನ್ನಿನ ಗುಡುಗು ಇಳಿದಂತೆಲ್ಲ ದೀಪವೂ ಮಂಕಾಗುವುದು ಅವುಗಳ ಸವಾರರಿಗೆ ಪರಿಚಿತವಾದ ಸಂಗತಿ.

ಇದರ ಮರ್ಮ ಸರಳ. 35 ವ್ಯಾಟಿನ ದೀಪ 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಎಳೆದರೆ, 6 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಒಂದು ತುಕ್ಕು ಹಿಡಿದ ಜೋಡಣೆ ಇದ್ದು, ಅದರ ತಡೆ ಕೇವಲ 0.1 ಓಮ್ ಎಂದುಕೊಳ್ಳಿ. 6 ವೋಲ್ಟಿನ ಗಾಡಿಯಲ್ಲಿ ಹತ್ತನೆಯ ಒಂದು ಭಾಗದಷ್ಟು ವೋಲ್ಟು ಅಲ್ಲಿಯೇ ಸೋರಿಹೋಗುತ್ತದೆ. ತಂತಿ ಕಾಯಿಸಿ ಉರಿಯುವ ಬಲ್ಬಿನ ಸ್ವಭಾವವಾದರೋ ವಿಚಿತ್ರ: ವೋಲ್ಟು ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ಇಂದಿನ 12 ವೋಲ್ಟಿನ ಗಾಡಿಗಳಲ್ಲಿ ಈ ಸೋರಿಕೆ ಕಡಿಮೆ. ಆದರೆ ಕಾಲುವೆಯ ಕೆಸರು, ಬಳ್ಳಾರಿಯ ಧೂಳು, ವರ್ಷಗಳ ತುಕ್ಕು ಸೇರಿದರೆ ಅದು ಹಿಂದಿರುಗಿ ಬರುತ್ತದೆ. ಜೋಡಣೆಗಳನ್ನು ಉಜ್ಜಿ, ಅರ್ಥಿಂಗ್ ಬಿಗಿಮಾಡಿ, ಗಾಜು ಒರೆಸಿ, ಬೆಳಕಿನ ಮಟ್ಟ ಸರಿಪಡಿಸಿದ ಮೇಲೆ ಎಷ್ಟೋ ಜನರಿಗೆ ಎರಡನೆಯ ದೀಪದ ಅಗತ್ಯವೇ ತೋರದು.

ಆದಾಯ ಮತ್ತು ವೆಚ್ಚ

ಇಷ್ಟಾದರೂ ಸಾಲದೆನ್ನುವವರು ಮೊದಲು ವಿದ್ಯುತ್ತಿನ ಸಂಸಾರದ ಲೆಕ್ಕ ಹಾಕಬೇಕು. ಗಾಡಿಯ ಆಲ್ಟರ್ನೇಟರು ದುಡಿಯುವುದು ಎಷ್ಟು ವ್ಯಾಟು ಎಂಬುದು ಆದಾಯ. ಮುಂದೀಪ, ಹಿಂದೀಪ, ಇಗ್ನಿಷನ್ ಇವೆಲ್ಲ ವೆಚ್ಚ. 2017ರ ಏಪ್ರಿಲಿನಿಂದ ಹೊಸ ದ್ವಿಚಕ್ರ ವಾಹನಗಳ ಮುಂದೀಪ ಹಗಲಿನಲ್ಲಿಯೂ ತಾನಾಗಿ ಉರಿಯುತ್ತದೆ. 2020ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಬಹುತೇಕ ಇಂಧನ ಇಂಜೆಕ್ಷನ್ ಇರುವುದರಿಂದ ಪೆಟ್ರೋಲಿನ ಪಂಪೂ ವಿದ್ಯುತ್ತನ್ನೇ ನೆಚ್ಚಿಕೊಂಡಿದೆ. 55 ವ್ಯಾಟಿನ ಎರಡು ಹ್ಯಾಲೊಜೆನ್ ದೀಪಗಳು 9 ಆಂಪಿಯರಿಗೂ ಮಿಕ್ಕು ಬೇಡುತ್ತವೆ. ಸಣ್ಣ ಗಾಡಿಗೆ ಇದು ತಾಳಲಾರದ ಸಾಲ. 20 ವ್ಯಾಟಿನ ಎರಡು ಎಲ್‌ಇಡಿಗಳಾದರೆ 3.3 ಆಂಪಿಯರ್ ಸಾಕು. ಎಲ್ಲ ದೀಪಗಳನ್ನೂ ಹೊತ್ತಿಸಿ, ಎಂಜಿನ್ ಸಾಧಾರಣ ವೇಗದಲ್ಲಿ ತಿರುಗುವಾಗ ಬ್ಯಾಟರಿಯ ಎರಡು ತುದಿಗಳಲ್ಲಿ ಮೀಟರು ಹಿಡಿದರೆ ನಿಜ ಗೊತ್ತಾಗುತ್ತದೆ. 14 ವೋಲ್ಟಿನ ಸಮೀಪ ತೋರಿಸಿದರೆ ಸಂಸಾರ ಸುಖವಾಗಿದೆ, 12.5ಕ್ಕೆ ಇಳಿದರೆ ಬ್ಯಾಟರಿ ಗಂಟು ಕರಗಿಸುತ್ತಿದೆ.

ಜೋಡಿಸುವ ಕ್ರಮ

ಮುಂದೀಪದ ತಂತಿಯನ್ನೇ ಸುಲಿದು ಹೊಸ ದೀಪಕ್ಕೆ ಕವಲು ತೆಗೆಯುವುದು ಸುಲಭವಾದ ದಾರಿ, ಕೆಟ್ಟ ದಾರಿಯೂ ಹೌದು. ಒಂದು ದೀಪಕ್ಕೆಂದು ಲೆಕ್ಕಹಾಕಿ ಇಟ್ಟ ತಂತಿ ಮೂರು ದೀಪಗಳ ಭಾರಕ್ಕೆ ಕಾಯುತ್ತದೆ, ಹೊದಿಕೆ ಕರಗುತ್ತದೆ, ಪೆಟ್ರೋಲ್ ಟ್ಯಾಂಕಿನ ಕೆಳಗೆ ಕಿಡಿ ಏಳುವ ಸಂಭವವೂ ಇಲ್ಲದಿಲ್ಲ.

ಸರಿಯಾದ ಕ್ರಮಕ್ಕೆ ರಿಲೇ ಎಂಬ ಪುಟ್ಟ ಪೆಟ್ಟಿಗೆ ಬೇಕು. ಅದರ ಕಾಲುಗಳ ಮೇಲೆ 30, 87, 86, 85 ಎಂಬ ಅಂಕಿಗಳಿರುತ್ತವೆ. ಬ್ಯಾಟರಿಯ ಧನಾಗ್ರದಿಂದ ಫ್ಯೂಸಿನ ಮೂಲಕ ಬಂದ ತಂತಿ 30ಕ್ಕೆ; 87ರಿಂದ ಹೊಸ ದೀಪಗಳಿಗೆ; 85 ಋಣಾಗ್ರಕ್ಕೆ. ಉಳಿದ 86ಕ್ಕೆ ಮುಂದೀಪದ ಎತ್ತರ ಬೆಳಕಿನ ತಂತಿಯಿಂದ, ನಡುವೆ ಒಂದು ಸ್ವಿಚ್ಚಿನ ಮೂಲಕ, ಸಂಕೇತ ಕೊಡಬೇಕು. ರಿಲೇಯನ್ನು ಎಚ್ಚರಿಸಲು ಆಂಪಿಯರಿನ ಸಣ್ಣದೊಂದು ಅಂಶ ಸಾಕು; ಆದ್ದರಿಂದ ಹಳೆಯ ತಂತಿಗೆ ಭಾರವಿಲ್ಲ. ಇದರ ದೊಡ್ಡ ಗುಣ ಬೇರೆಯೇ ಇದೆ. ಎದುರಿಗೆ ವಾಹನ ಬಂದಾಗ ಸವಾರ ಡಿಪ್ ಸ್ವಿಚ್ಚು ಒತ್ತಿದೊಡನೆ ಮುಂದೀಪ ತಗ್ಗುತ್ತದೆ, ಹೊಸ ದೀಪಗಳು ತಾವಾಗಿಯೇ ಆರುತ್ತವೆ. ಎರಡು ಸ್ವಿಚ್ಚು ಹುಡುಕುವ ಅವಸರದಲ್ಲಿ ಒಂದು ಮರೆಯುವ ಭಯವಿಲ್ಲ.

ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು; 3.3 ಆಂಪಿಯರಿನ ದೀಪಗಳಿಗೆ 5 ಆಂಪಿಯರಿನದು ತಕ್ಕದು. ಅದು ಸುಟ್ಟಾಗ ಬೆಳ್ಳಿಕಾಗದ ಸುತ್ತುವ ಚಾಳಿ ಬೇಡ. ಅರ್ಥಿಂಗಿಗೆ ಬಣ್ಣ ಬಳಿದ ಚೌಕಟ್ಟನ್ನು ನಂಬದೆ ತಂತಿಯನ್ನು ಬ್ಯಾಟರಿಯವರೆಗೂ ತರುವುದು ಲೇಸು. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಎಲ್ಲಿಯೂ ತಂತಿ ಬಿಗಿಯದೆ ಉಜ್ಜದೆ ಇದೆಯೇ ಎಂದು ನೋಡಿಯೇ ಕೆಲಸ ಮುಗಿಸಬೇಕು.

ಬೆಳಕು ಬೀಳುವ ಜಾಗ

ಗಾಡಿಯನ್ನು ಸಮನೆಲದಲ್ಲಿ ಗೋಡೆಗೆ 8 ಮೀಟರ್ ದೂರ ನಿಲ್ಲಿಸಿ, ಸವಾರನನ್ನು ಕೂಡಿಸಿ, ದೀಪದ ನಡುಬಿಂದುವಿನ ಎತ್ತರವನ್ನು ಗೋಡೆಯ ಮೇಲೆ ಗುರುತುಮಾಡಬೇಕು. ನೆಲದಿಂದ 60 ಸೆಂಟಿಮೀಟರ್ ಎತ್ತರದ ದೀಪದ ಬೆಳಕಿನ ಮೇಲಂಚು ಆ ಗುರುತಿಗಿಂತ 10 ಸೆಂಟಿಮೀಟರ್ ಕೆಳಗೆ ಬಿದ್ದರೆ, ರಸ್ತೆಯಲ್ಲಿ ಅದು 48 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಹಿಂದೆ ಹೆಂಡತಿ ಮಕ್ಕಳನ್ನೋ ಬತ್ತದ ಚೀಲವನ್ನೋ ಹೇರಿದಾಗ ಹಿಂಭಾಗ ಕುಸಿದು ಮುಂಭಾಗ ಏಳುತ್ತದೆ. ಬೆಳಕು ನೆಲ ಬಿಟ್ಟು ಎದುರಿನವರ ಮುಖಕ್ಕೆ ಹೊಡೆಯುತ್ತದೆ. ಭಾರದೊಡನೆಯೇ ಓಡಾಡುವವರು ಭಾರವಿಟ್ಟುಕೊಂಡೇ ಮಟ್ಟ ನೋಡಬೇಕು.

ಎದುರಿನವನ ಕಣ್ಣು

ನೀಲಿ ಬೆಳಕಿನ ಎಲ್‌ಇಡಿಯನ್ನು ಸಾಧಿಸಿದ ಜಪಾನೀ ಮೂಲದ ಮೂವರು ವಿಜ್ಞಾನಿಗಳಾದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಬಹುಮಾನ ಸಂದಿತು. ಕಡಿಮೆ ವೆಚ್ಚದ ಬಿಳಿಯ ಬೆಳಕು ಆ ಸಾಧನೆಯ ಫಲ. ಅದೇ ಬೆಳಕು ಅಂಕೆಯಿಲ್ಲದೆ ರಸ್ತೆಗಿಳಿದಾಗ ಏನಾಗುವುದೆಂಬುದನ್ನು ಕರ್ನಾಟಕದ ಪೊಲೀಸರು 2024ರ ಜುಲೈನಲ್ಲಿ ಕಣ್ಣು ಕೋರೈಸುವ ದೀಪಗಳ ವಿರುದ್ಧ ರಾಜ್ಯದಾದ್ಯಂತ ಮೊಕದ್ದಮೆ ಹೂಡಿದಾಗ ಜನ ಅರಿತರು. ಕಾನೂನು ಅದಕ್ಕೂ ಹಳೆಯದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 111ನೆಯ ನಿಯಮದಂತೆ ಯಾವ ವಾಹನದ ಮುಂಭಾಗದಲ್ಲಿಯೂ ಸ್ಪಾಟ್‌ಲೈಟ್ ಇರಕೂಡದು. ಅಸಾಧಾರಣ ಸಂದರ್ಭದಲ್ಲಿ, ನೋಂದಣಿ ಅಧಿಕಾರಿಯ ಪೂರ್ವಾನುಮತಿ ಪಡೆದರೆ ಮಾತ್ರ ವಿನಾಯಿತಿ. ಆದಕಾರಣ ದೀಪ ಕೊಳ್ಳುವ ಮುನ್ನ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸುವುದು, ಸಾಧ್ಯವಾದರೆ ಗಾಡಿಯ ತಯಾರಕರೇ ಅನುಮೋದನೆ ಪಡೆದು ಒದಗಿಸುವ ಮಂಜುದೀಪವನ್ನು ಆರಿಸಿಕೊಳ್ಳುವುದು ವಿವೇಕ.

ನಿಯಮದ ಹಿಂದಿನ ಕಾರಣ ಯಾರಿಗಾದರೂ ಅರ್ಥವಾಗುವಂಥದು. ಕೋರೈಸಿದ ಕಣ್ಣು ಚೇತರಿಸಿಕೊಳ್ಳಲು ಮೂರು ಸೆಕೆಂಡು ಹಿಡಿದರೂ, ಅರವತ್ತರ ವೇಗದಲ್ಲಿ ಬರುವವನು 50 ಮೀಟರ್ ದೂರವನ್ನು ಕುರುಡನಂತೆ ಸಾಗುತ್ತಾನೆ. ಸಿರುಗುಪ್ಪದಿಂದ ಬರುವವನು ಅವನು, ಬಳ್ಳಾರಿಯಿಂದ ಹೋಗುವವನು ಇವನು. ಇಬ್ಬರ ನಡುವೆ ದೀಪವಿಲ್ಲದ ಹುಲ್ಲಿನ ಗಾಡಿಯೊಂದಿದ್ದರೆ ಅದನ್ನು ಮೊದಲು ಕಾಣಬೇಕಾದವನು ಅವನೋ ಇವನೋ ಹೇಳಲಾಗದು. ಹಾಗೆಯೇ ಆ ಗಾಡಿಯ ಹಿಂಬದಿಗೆ ಒಂದು ಕೆಂಪು ಪ್ರತಿಫಲಕ ಪಟ್ಟಿ ಅಂಟಿಸುವ ಖರ್ಚು ಒಂದು ಜೊತೆ ಎಲ್‌ಇಡಿ ದೀಪಗಳ ಬೆಲೆಯ ಮುಂದೆ ಅತ್ಯಲ್ಪ. ಅದಕ್ಕೆ ಬ್ಯಾಟರಿ ಬೇಡ, ರಿಲೇ ಬೇಡ, ಯಾರ ಅನುಮತಿಯೂ ಬೇಡ. ಈ ಸುಗ್ಗಿಗೆ ಮುಂಚೆ ತಮ್ಮ ಮನೆಯ ಟ್ರಾಕ್ಟರಿಗೂ ಗಾಡಿಗೂ ಅದನ್ನು ಅಂಟಿಸಿದವರು, ಕತ್ತಲಲ್ಲಿ ಹಿಂದೆ ಬರುವ ಪ್ರತಿಯೊಬ್ಬ ಸವಾರನಿಗೂ ಒಂದೊಂದು ದೀಪ ಕೊಟ್ಟಂತೆಯೇ ಸರಿ.