ಬೆಟ್ಟ ಬದಲಿಸಿದ ದೇಗುಲ

ಈಜಿಪ್ಟಿಗೆ ಹೋದವರು ಪಿರಮಿಡ್ಡುಗಳನ್ನು ನೋಡದೆ ಹಿಂದಿರುಗುವುದಿಲ್ಲ. ಕೈರೋ ನಗರದ ಅಂಚಿನಲ್ಲಿಯೇ ಇರುವ ಅವನ್ನು ನೋಡುವುದು ಕಷ್ಟವೂ ಅಲ್ಲ. ಆದರೆ ದೇಶದ ದಕ್ಷಿಣದ ತುದಿಯಲ್ಲಿ, ಸೂಡಾನಿನ ಗಡಿಗೆ ಸಮೀಪವಾಗಿ, ಮರಳುಗಾಡಿನಲ್ಲಿರುವ ಅಬು ಸಿಂಬೆಲನ್ನು ಕಾಣಬಯಸುವವರು ತುಸು ಶ್ರಮಪಡಲೇಬೇಕು. ಅಸ್ವಾನ್ ಪಟ್ಟಣದಿಂದ ಅಲ್ಲಿಗೆ ಸುಮಾರು 280 ಕಿಲೋಮೀಟರುಗಳ ದಾರಿ. ಬಿಸಿಲೇರುವ ಮುನ್ನ ತಲುಪಬೇಕೆಂದು ಪ್ರವಾಸಿಗರ ಬಸ್ಸುಗಳು ನಸುಕಿನಲ್ಲಿಯೇ ಹೊರಡುತ್ತವೆ. ಇಕ್ಕೆಲಗಳಲ್ಲಿಯೂ ಮರಳಲ್ಲದೆ ಬೇರೇನೂ ಇಲ್ಲ. ಅಲ್ಲಿ ಎರಡು ಗಂಟೆ ಕಳೆದು, ಭಾವಚಿತ್ರಗಳನ್ನು ತೆಗೆದುಕೊಂಡು, ಮಧ್ಯಾಹ್ನದ ಹೊತ್ತಿಗೆ ಹಿಂದಿರುಗುವುದು ಬಹುಮಂದಿಯ ಕ್ರಮ.

ಬಸ್ಸಿನಿಂದ ಇಳಿದವರಿಗೆ ಮೊದಲು ಕಾಣುವುದು ಬೆಟ್ಟದ ಬೆನ್ನು. ಅದನ್ನು ಬಳಸಿ ಮುಂಭಾಗಕ್ಕೆ ಬಂದೊಡನೆ ನಾಲ್ಕು ಮಹಾಮೂರ್ತಿಗಳು ಎದುರಾಗುತ್ತವೆ. ನಾಲ್ಕೂ ಒಬ್ಬನವೇ: ಕ್ರಿಸ್ತಪೂರ್ವ 13ನೆಯ ಶತಮಾನದಲ್ಲಿ ಆಳಿದ ಎರಡನೆಯ ರಾಮ್ಸೆಸ್ ದೊರೆಯವು. ಕುಳಿತ ಭಂಗಿಯಲ್ಲಿಯೇ ಒಂದೊಂದೂ ಸುಮಾರು 20 ಮೀಟರ್, ಎಂದರೆ ಆರು ಅಂತಸ್ತಿನ ಮನೆಯೆತ್ತರ. ಎಡದಿಂದ ಎರಡನೆಯದಕ್ಕೆ ತಲೆಯಿಲ್ಲ. ಪ್ರಾಚೀನ ಕಾಲದಲ್ಲಿಯೇ ಭೂಕಂಪದಿಂದ ಮುರಿದ ಶಿರಸ್ಸು ಪಾದಗಳ ಬಳಿ ಬಿದ್ದಿದೆ. ಅದೇ ಮೂರ್ತಿಯ ಕಾಲಿನ ಮೇಲೆ ಕ್ರಿಸ್ತಪೂರ್ವ ಆರನೆಯ ಶತಮಾನದ ಗ್ರೀಕ್ ಕೂಲಿ ಸೈನಿಕರು ತಮ್ಮ ಹೆಸರುಗಳನ್ನು ಗೀಚಿ ಹೋಗಿದ್ದಾರೆ. ನೋಡಹೋದ ಜಾಗದಲ್ಲಿ ಹೆಸರು ಕೆತ್ತುವ ಚಾಳಿ ಇಂದುನಿನ್ನೆಯದಲ್ಲ!

ಪಕ್ಕದಲ್ಲಿಯೇ ರಾಣಿ ನೆಫರ್ತಾರಿಯ ಚಿಕ್ಕ ಗುಡಿ. ಅದರ ಮುಂದೆ ರಾಣಿಯ ಮೂರ್ತಿ ದೊರೆಯಷ್ಟೇ ಎತ್ತರವಾಗಿ ನಿಂತಿದೆ. ಈಜಿಪ್ಟಿನಲ್ಲಿ ಇದು ಅಪರೂಪ. ದೊಡ್ಡ ಗುಡಿಯಲ್ಲಿ ಬೆಟ್ಟದೊಳಕ್ಕೆ ಸುಮಾರು 60 ಮೀಟರ್ ನಡೆದರೆ ಗರ್ಭಗೃಹ. ವರ್ಷಕ್ಕೆರಡು ಬಾರಿ, ಫೆಬ್ರವರಿ 22 ಮತ್ತು ಅಕ್ಟೋಬರ್ 22ರ ಸುಮಾರಿಗೆ, ಉದಯಸೂರ್ಯನ ಕಿರಣ ಅಲ್ಲಿಯವರೆಗೂ ನುಗ್ಗಿ ಒಳಗಿನ ಮೂರ್ತಿಗಳನ್ನು ಬೆಳಗುತ್ತದೆ. ಕತ್ತಲ ಲೋಕದೊಡನೆ ನಂಟುಳ್ಳ ಪ್ತಾ ದೇವನೊಬ್ಬನು ಮಾತ್ರ ನೆರಳಿನಲ್ಲಿಯೇ ಉಳಿಯುತ್ತಾನೆ. ಇವು ದೊರೆಯ ಜನ್ಮದಿನ, ಪಟ್ಟಾಭಿಷೇಕದ ದಿನ ಎಂದು ಮಾರ್ಗದರ್ಶಿಗಳು ಹೇಳುವುದುಂಟು. ಅದಕ್ಕೆ ಶಾಸನದ ಆಧಾರವಿಲ್ಲ. ಕೇಳಲು ಇಂಪಾಗಿದೆ, ಅಷ್ಟೆ.

ಇಷ್ಟನ್ನು ನೋಡಿದವರು ಮೂರ್ತಿಗಳ ಹತ್ತಿರ ಹೋಗಿ ಕಲ್ಲನ್ನು ದಿಟ್ಟಿಸಬೇಕು. ಅಲ್ಲಲ್ಲಿ ತೆಳುವಾದ ಗೆರೆಗಳು ಕಾಣುತ್ತವೆ. ಅವು ಗರಗಸದ ಗುರುತುಗಳು. ಈ ದೇಗುಲ ರಾಮ್ಸೆಸ್ ಕೊರೆಸಿದ ಸ್ಥಳದಲ್ಲಿ ಇಂದು ಇಲ್ಲ. ಆ ಸ್ಥಳವು ನೀರಿನಡಿಯಲ್ಲಿದೆ.

1960ರಲ್ಲಿ ಅಸ್ವಾನಿನ ಮಹಾ ಅಣೆಕಟ್ಟಿನ ಕೆಲಸ ಆರಂಭವಾಯಿತು. ನೈಲ್ ನದಿಯ ನೀರು ಸುಮಾರು 500 ಕಿಲೋಮೀಟರುಗಳವರೆಗೆ ಹಿನ್ನೆಲೆಸಿ, ನೂಬಿಯಾ ಎಂಬ ಇಡೀ ಸೀಮೆ ಮುಳುಗುವುದು ಖಚಿತವಾಯಿತು. ಅದೇ ವರ್ಷದ ಮಾರ್ಚ್ 8ರಂದು ಯುನೆಸ್ಕೋ ಸಂಸ್ಥೆ ಜಗತ್ತಿನ ನೆರವು ಬೇಡಿತು. ನಮ್ಮ ದೇಶದ ಪುರಾತತ್ತ್ವ ಇಲಾಖೆಯ ತಂಡವೂ ಬಿ. ಬಿ. ಲಾಲರ ನೇತೃತ್ವದಲ್ಲಿ 1962ರಲ್ಲಿ ಅಲ್ಲಿಯ ಅಫಿಯೆ ಎಂಬಲ್ಲಿ ಉತ್ಖನನ ನಡೆಸಿತು. ಅಬು ಸಿಂಬೆಲನ್ನು ಬೆಟ್ಟಸಮೇತ ಜಾಕಿಗಳಿಂದ ಮೇಲೆತ್ತುವ ಯೋಜನೆಯೂ ಒಂದಿತ್ತು. ವೆಚ್ಚಕ್ಕೆ ಹೆದರಿ ಅದನ್ನು ಕೈಬಿಟ್ಟರು. ಕೊನೆಗೆ ಒಪ್ಪಿದ್ದು ಕತ್ತರಿಸಿ ಸಾಗಿಸುವ ಉಪಾಯವನ್ನು.

1964ರಿಂದ 1968ರವರೆಗೆ ಆ ಕಾರ್ಯ ನಡೆಯಿತು. ಏರುವ ನೀರಿಗೆ ಅಡ್ಡಲಾಗಿ ತಾತ್ಕಾಲಿಕ ಒಡ್ಡು ಕಟ್ಟಿದರು. ಮೇಲಿನ ಬೆಟ್ಟವನ್ನು ಕಡಿಯುವಾಗ ಬಂಡೆಗಳುರುಳಿ ಮೂರ್ತಿಗಳಿಗೆ ಪೆಟ್ಟಾಗದಿರಲೆಂದು ಅವನ್ನು ಮರಳಿನಲ್ಲಿ ಹೂಳಿದರು. ಕಣ್ಣಿಗೆ ಕಾಣುವ ಭಾಗಗಳನ್ನು ಕೈಗರಗಸದಿಂದಲೇ ಕೊಯ್ದರು. ಇದಕ್ಕಾಗಿ ಇಟಲಿಯ ಅಮೃತಶಿಲೆಯ ಗಣಿಗಳಿಂದ ನುರಿತ ಕೆಲಸಗಾರರು ಬಂದಿದ್ದರು. ಸಾವಿರಕ್ಕೂ ಮಿಕ್ಕ ತುಂಡುಗಳು. 20-30 ಟನ್ ತೂಗುವಂಥವು. ಪ್ರತಿಯೊಂದಕ್ಕೂ ಒಂದು ಅಂಕೆ. 1965ರ ಅಕ್ಟೋಬರಿನಲ್ಲಿ ದೊರೆಯ ಮುಖವೊಂದು ಕ್ರೇನಿನ ಹಗ್ಗಗಳಲ್ಲಿ ಆಕಾಶಕ್ಕೇರಿತು. 65 ಮೀಟರ್ ಮೇಲಕ್ಕೆ, ನದಿಯಿಂದ 200 ಮೀಟರ್ ಹಿಂದಕ್ಕೆ ಎಲ್ಲವನ್ನೂ ಜೋಡಿಸಿ, ಮೇಲೆ ಕಾಂಕ್ರೀಟಿನ ಗುಮ್ಮಟ ಕಟ್ಟಿ, ಅದಕ್ಕೆ ಕೃತಕ ಬೆಟ್ಟದ ಹೊದಿಕೆ ಹಾಕಿದರು. ಉದುರಿದ್ದ ಶಿರಸ್ಸನ್ನು ಮತ್ತೆ ಕೂಡಿಸಬಹುದಿತ್ತು. ಹಾಗೆ ಮಾಡದೆ ಮೊದಲು ಬಿದ್ದಿದ್ದಂತೆಯೇ ಇಟ್ಟರು. ಈ ಸಂಯಮವನ್ನು ಮೆಚ್ಚಲೇಬೇಕು. ಒಟ್ಟು ಖರ್ಚು ಸುಮಾರು 4 ಕೋಟಿ ಡಾಲರ್.

ಇನ್ನು ನೂಬಿಯಾದ ಜನರ ಸಂಗತಿ. ಪ್ರವಾಸದ ಕೈಪಿಡಿಗಳಲ್ಲಿ ಇದಕ್ಕೆ ಸಿಗುವುದು ಹೆಚ್ಚೆಂದರೆ ಎರಡು ಸಾಲು. ಈಜಿಪ್ಟಿನ ಕಡೆಯಲ್ಲಿ ಸುಮಾರು 50,000 ಮಂದಿ, ಸೂಡಾನಿನ ಕಡೆಯಲ್ಲಿ ಬಹುಮಟ್ಟಿಗೆ ಅಷ್ಟೇ ಮಂದಿ, ನದಿಯ ದಂಡೆಯ ಖರ್ಜೂರದ ತೋಪುಗಳನ್ನೂ, ತಾವೇ ಚಿತ್ತಾರ ಬರೆದಿದ್ದ ಮಣ್ಣಿನ ಮನೆಗಳನ್ನೂ, ಹಿರಿಯರ ಗೋರಿಗಳನ್ನೂ ತೊರೆದು ಹೊರಟರು. ಅವರ ಮನೆಗಳಿಗೆ ಯಾರೂ ಅಂಕೆ ಬರೆಯಲಿಲ್ಲ. ಅಣೆಕಟ್ಟಿನಿಂದ ದೇಶಕ್ಕೆ ವಿದ್ಯುತ್ತೂ ನೀರೂ ದೊರೆತವು, ಅದನ್ನು ಅಲ್ಲಗಳೆಯಲಾಗದು. ಆದರೆ ಕಲ್ಲಿನ ದೊರೆಗೆ ತೋರಿದ ಕಾಳಜಿಯ ಒಂದು ಪಾಲಾದರೂ ಈ ಮನುಷ್ಯರಿಗೆ ಸಲ್ಲಬೇಕಿತ್ತು.

ಈಜಿಪ್ಟಿನ ನೂಬಿಯನ್ನರಿಗೆ ಅಸ್ವಾನಿನ ಉತ್ತರದಲ್ಲಿ, ಕೊಮ್ ಒಂಬೊ ಬಳಿ, ಹೊಸ ಊರುಗಳನ್ನು ಕಟ್ಟಿಕೊಟ್ಟರು. 2014ರ ಸಂವಿಧಾನದ 236ನೆಯ ವಿಧಿ, ಹತ್ತು ವರ್ಷಗಳೊಳಗೆ ಅವರನ್ನು ಮೂಲಸ್ಥಳಗಳಿಗೆ ಮರಳಿಸುವ ಯೋಜನೆಗಳನ್ನು ಕೈಗೊಳ್ಳುವುದಾಗಿ ಹೇಳಿತು. ಆ ಅವಧಿ 2024ಕ್ಕೆ ಮುಗಿಯಿತು. ಹೊಸ ಊರುಗಳಿಗೆ ಅವರು ಮುಳುಗಿದ ಊರುಗಳ ಹೆಸರುಗಳನ್ನೇ ಇಟ್ಟುಕೊಂಡಿದ್ದಾರೆ. ಬಲ್ಲಾನ, ತೋಷ್ಕಾ, ಅಬು ಸಿಂಬೆಲ್ ಎಲ್ಲವೂ ಅಲ್ಲಿವೆ. ನೈಲ್ ಮಾತ್ರ ಅಂಗಳದಿಂದ ಕಾಣಿಸುವುದಿಲ್ಲ.