ಬಿಟ್ಟಿಯ ಹೊರೆ, ಶಿಷ್ಯನ ಋಣ

ಧಾರವಾಡದಿಂದ ಹೊರಟ ಬಸ್ಸು ಬಯಲುಸೀಮೆಯನ್ನು ಹಿಂದೆ ಬಿಟ್ಟು ಹಳಿಯಾಳದ ಕಾಡಿನತ್ತ ಸಾಗುವಾಗ, ಪ್ರವಾಸಿಯ ಮನಸ್ಸು ಮುಂದೆ ಕಾಣಲಿರುವ ದಾಂಡೇಲಿಯ ತೇಗದ ಮರಗಳನ್ನೂ ಕಾಳಿ ನದಿಯ ತಿರುವುಗಳನ್ನೂ ನೆನೆಯುವುದು ಸಹಜ. ಆದರೆ ಹಳಿಯಾಳದ ಸಂತೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡುವವರಿಗೆ ಬೇರೊಂದು ಅಚ್ಚರಿ ಕಾದಿರುತ್ತದೆ. ಗುಂಗುರು ಕೂದಲು, ಎಣ್ಣೆಗಪ್ಪು ಮೈಬಣ್ಣ, ಕೊರಳ ಕರಿದಾರದಲ್ಲಿ ಪುಟ್ಟದೊಂದು ಶಿಲುಬೆ. ಬಾಯಲ್ಲಿ ಕೊಂಕಣಿ, ವ್ಯಾಪಾರಕ್ಕೆ ನಿಂತರೆ ಸ್ವಚ್ಛವಾದ ಕನ್ನಡ. ಇವರೇ ಸಿದ್ದಿಗಳು. ಇವರ ಪೂರ್ವಿಕರು ಆಫ್ರಿಕದವರು.

ಹಳಿಯಾಳ ಮತ್ತು ಮುಂಡಗೋಡ ತಾಲ್ಲೂಕುಗಳ ಸಿದ್ದಿಗಳಲ್ಲಿ ಅನೇಕರು ಕ್ರೈಸ್ತರು. ಯಲ್ಲಾಪುರದ ಕಡೆಯವರಲ್ಲಿ ಹಿಂದೂಗಳು ಹೆಚ್ಚು. ಹಳಿಯಾಳದ ಸುತ್ತಲೇ ಮುಸಲ್ಮಾನ ಸಿದ್ದಿಗಳೂ ಉಂಟು. ದೇವರು ಮೂರು ಬಗೆಯಾದರೂ ಹಬ್ಬದ ದಿನ ಬಾರಿಸುವ ಡಮಾಮಿ ವಾದ್ಯ ಒಂದೇ, ಹಿಂದಿನ ದುಃಖವೂ ಒಂದೇ.

ಸಂಕೋಲೆಯೊಡನೆ ಬಂದ ಹೆಸರು

1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. ಬಳಿಕ ಮೊಜಾಂಬಿಕ್ ಮೊದಲಾದ ಪೂರ್ವ ಆಫ್ರಿಕದ ಕರಾವಳಿಗಳಿಂದ ಗಂಡಸರು, ಹೆಂಗಸರು, ಮಕ್ಕಳನ್ನು ಹಡಗಿನಲ್ಲಿ ತುಂಬಿ ತಂದು ಗುಲಾಮರನ್ನಾಗಿ ಮಾರಿದರು. ಹಾಗೆ ಬಂದವರಿಗೆ ದೀಕ್ಷಾಸ್ನಾನ ಕೊಟ್ಟು, ಸಂತರ ಹೆಸರಿಟ್ಟರು. ಹೆಸರು ಬದಲಾಯಿತು, ಒಡೆಯ ಬದಲಾಗಲಿಲ್ಲ. ಕ್ರೈಸ್ತರಲ್ಲದವರನ್ನು ಹಿಡಿದು ಗುಲಾಮರನ್ನಾಗಿಸಲು ಪೋರ್ಚುಗಲ್ಲಿನ ದೊರೆಗೆ ಪೋಪ್ ಐದನೆಯ ನಿಕೋಲಾಸರೇ 1455ರ ಶಾಸನದಲ್ಲಿ ಒಪ್ಪಿಗೆಯಿತ್ತಿದ್ದರು. ಪೋರ್ಚುಗೀಸ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದಾದದ್ದು 1869ರಲ್ಲಿ.

ಅಷ್ಟರವರೆಗೆ ಎಲ್ಲರೂ ಕಾದು ಕೂಡಲಿಲ್ಲ. ತಪ್ಪಿಸಿಕೊಂಡವರು ಘಟ್ಟವನ್ನೇರಿ ಈ ಕಾಡುಗಳನ್ನು ಹೊಕ್ಕರು. ಕಾಡು ಅವರನ್ನು ಮರೆಮಾಡಿತು. ಆದರೆ ಕಾಡಿಗೂ ಒಡೆಯರಿದ್ದರು. ಮರ ಸರ್ಕಾರದ್ದು, ತೋಟ ಧಣಿಯದು. ಮದುವೆಗೋ ಕಾಯಿಲೆಗೋ ಪಡೆದ ಸಾಲ ಎಷ್ಟು ದುಡಿದರೂ ತೀರದೆ, ತಂದೆಯ ಹೆಗಲಿನಿಂದ ಮಗನ ಹೆಗಲಿಗೆ ಇಳಿಯಿತು. ಗೋವೆಯ ಸಂಕೋಲೆ ಕಬ್ಬಿಣದ್ದು; ಇಲ್ಲಿನದು ಧಣಿಯ ಲೆಕ್ಕದ ಪುಸ್ತಕದ್ದು.

ಆದುದರಿಂದ ಈ ಸೀಮೆಯಲ್ಲಿ ಯೇಸುವನ್ನು ಅನುಸರಿಸುತ್ತೇನೆ ಎನ್ನುವವನು ಉಪಕಾರಿಯಾಗಿ ಬರಲಾರ, ಸಾಲಗಾರನಾಗಿಯೇ ಬರಬೇಕು. ಕ್ರಿಸ್ತನ ಹೆಸರನ್ನು ಕೊಟ್ಟು ಮನುಷ್ಯನ ಬಿಡುಗಡೆಯನ್ನು ಕೊಡದೆ ಹೋದ ಶತಮಾನಗಳ ಬಾಕಿ ಅವನ ತಲೆಯ ಮೇಲಿದೆ. 1992ರ ಫೆಬ್ರುವರಿಯಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಸೆನೆಗಲ್ ದೇಶದ ಗೋರೆ ದ್ವೀಪದಲ್ಲಿ, ಗುಲಾಮರನ್ನು ಕೂಡಿಹಾಕುತ್ತಿದ್ದ ಮನೆಯಲ್ಲಿ ನಿಂತು, ಕ್ರೈಸ್ತರು ಎಸಗಿದ ಈ ಪಾಪಕ್ಕಾಗಿ ಕ್ಷಮೆ ಬೇಡಿದರು. ಕ್ಷಮೆ ಬೇಡುವುದು ಮೊದಲ ಮಾತು. ಬಾಕಿ ತೀರಿಸುವ ಕೆಲಸ ಹಳಿಯಾಳ, ಮುಂಡಗೋಡಗಳಂಥ ಊರುಗಳದು.

ನಜರೇತಿನಲ್ಲಿ ಓದಿದ ಸುರುಳಿ

ಲೂಕನ ಸುವಾರ್ತೆಯಲ್ಲಿ ಒಂದು ಪ್ರಸಂಗವಿದೆ. ಯೇಸು ತಾನು ಬೆಳೆದ ಊರಾದ ನಜರೇತಿನ ಸಭಾಮಂದಿರದಲ್ಲಿ ಯೆಶಾಯನ ಸುರುಳಿಯನ್ನು ಬಿಚ್ಚಿ, ಬಡವರಿಗೆ ಶುಭವಾರ್ತೆ, ಸೆರೆಯವರಿಗೆ ಬಿಡುಗಡೆ ಎಂಬ ಭಾಗವನ್ನು ಓದಿ, ಅದು ಈ ದಿನವೇ ನೆರವೇರಿತೆಂದು ಸಾರುತ್ತಾನೆ. ಆ ಸಭೆಯಲ್ಲೇ ಅವನ ಮೇಲೆ ಸಿಟ್ಟೆದ್ದು, ಜನ ಅವನನ್ನು ಗುಡ್ಡದ ಅಂಚಿಗೆ ಅಟ್ಟಿಕೊಂಡು ಹೋಗುತ್ತಾರೆ. ಬಿಡುಗಡೆಯ ಮಾತು ಎಲ್ಲರಿಗೂ ಹಿತವಾಗುವುದಿಲ್ಲವೆಂಬುದು ಅಂದೇ ತಿಳಿದುಹೋಯಿತು.

ಈ ಪ್ರಸಂಗವನ್ನು ಕಥೋಲಿಕ ಸಭೆ ಹೊಸದಾಗಿ ಓದಿಕೊಂಡದ್ದು 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ. ಪೇದ್ರೋ ಅರುಪೆಯವರು ಮುಖ್ಯಸ್ಥರಾಗಿದ್ದಾಗ ಯೇಸುಸಭೆಯವರು, ಅಂದರೆ ಜೆಸ್ಯೂಟರು, 1975ರ ತಮ್ಮ ಮಹಾಸಮ್ಮೇಳನದಲ್ಲಿ ಶ್ರದ್ಧೆಯ ಸೇವೆ ಮತ್ತು ನ್ಯಾಯದ ಸ್ಥಾಪನೆಯನ್ನು ಒಂದರಿಂದೊಂದು ಬೇರ್ಪಡಿಸಲಾಗದೆಂದು ನಿರ್ಣಯಿಸಿದರು. ಅದೇ ವರ್ಷಗಳಲ್ಲಿ ನಮ್ಮ ನಾಡಿನ ಕಾನೂನೂ ಎಚ್ಚೆತ್ತುಕೊಂಡಿತ್ತು. 1974ರಲ್ಲಿ ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. 1976ರಲ್ಲಿ ಜೀತಪದ್ಧತಿಯ ನಿರ್ಮೂಲನಕ್ಕೆ ಸಂಸತ್ತು ಕಾಯಿದೆ ಮಾಡಿತು. ಉತ್ತರ ಕನ್ನಡಕ್ಕೆ ಕಾರವಾರದ ಧರ್ಮಪ್ರಾಂತ ಪ್ರತ್ಯೇಕವಾಗಿ ಸ್ಥಾಪಿತವಾದದ್ದೂ 1976ರಲ್ಲಿಯೇ.

ಮುಂಡಗೋಡದ ಲೊಯೊಲಾ ವಿಕಾಸ ಕೇಂದ್ರ ಈ ಹೊಸ ಓದಿನ ಫಲ. ಕರ್ನಾಟಕದ ಜೆಸ್ಯೂಟರು ನಡೆಸುವ ಈ ಸಂಸ್ಥೆ ಸಿದ್ದಿಗಳು, ಲಂಬಾಣಿಗಳು ಮತ್ತಿತರ ಬಡ ಸಮುದಾಯಗಳ ನಡುವೆ ಕೆಲಸ ಮಾಡುತ್ತ ಬಂದಿದೆ. ಇಂಥ ಕೆಲಸದಲ್ಲಿ ಕಣ್ಣಿಗೆ ಕುಕ್ಕುವ ಪವಾಡವೇನೂ ನಡೆಯುವುದಿಲ್ಲ. ಸಂಜೆ ಅಂಗಳದಲ್ಲಿ ಹೆಂಗಸರ ಸಂಘ ಕೂಡುತ್ತದೆ. ಉಳಿತಾಯದ ಹಣವನ್ನು ಎಣಿಸಿ ಬರೆದುಕೊಳ್ಳುತ್ತಾರೆ. ಮಗು ಶಾಲೆ ಬಿಟ್ಟಿದ್ದೇಕೆಂದು ಯಾರೋ ಮನೆಗೆ ಹೋಗಿ ಕೇಳುತ್ತಾರೆ. ಹತ್ತು ಜನ ಕೂಡಿ ಅರ್ಜಿ ಬರೆಸಿ ತಹಶೀಲ್ದಾರರ ಕಚೇರಿಯ ಮುಂದೆ ನಿಲ್ಲುತ್ತಾರೆ. ಧಣಿಯ ಲೆಕ್ಕದ ಪುಸ್ತಕಕ್ಕೆ ಇದಿರಾಗಿ ಸಂಘದ ಲೆಕ್ಕದ ಪುಸ್ತಕ ಬಂತೆಂದರೆ ಸಾಕು, ಜೀತದ ಬೇರು ಅಲುಗುತ್ತದೆ.

ಒಂದು ಕಾಗದದ ಬೆಲೆ

ಪಟ್ಟಣದಲ್ಲಿರುವ ನಮಗೆ ಜಾತಿಯ ದಾಖಲೆಪತ್ರವೆಂದರೆ ಕಾಲೇಜಿನ ಪ್ರವೇಶಕ್ಕೆ ಬೇಕಾದ ಒಂದು ಕಾಗದ ಮಾತ್ರ. ಕಾಡಿನ ಅಂಚಿನಲ್ಲಿ ಅದರ ಬೆಲೆ ಬೇರೆ.

1980ರ ದಶಕದಲ್ಲಿ ಸಿದ್ದಿಗಳು ಸಂಘಟಿತರಾಗಿ, ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಕೇಳತೊಡಗಿದರು. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳಿಗೆ ಅದು ದೊರೆತದ್ದು 2003ರಲ್ಲಿ. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. 1950ರ ರಾಷ್ಟ್ರಪತಿಗಳ ಆದೇಶದಂತೆ ಪರಿಶಿಷ್ಟ ಜಾತಿಯ ಸೌಲಭ್ಯ ಕ್ರೈಸ್ತನಿಗೂ ಮುಸಲ್ಮಾನನಿಗೂ ಸಲ್ಲದು. ಪರಿಶಿಷ್ಟ ಪಂಗಡಕ್ಕೆ ಆ ಕಟ್ಟಿಲ್ಲ. ಹೀಗಾಗಿ ಹಿಂದೂ, ಕ್ರೈಸ್ತ, ಮುಸಲ್ಮಾನ ಸಿದ್ದಿಗಳೆಲ್ಲರೂ ಒಂದೇ ಕಾಗದವನ್ನು ಒಂದೇ ಹಕ್ಕಿನಿಂದ ಪಡೆದರು. ಕ್ರೈಸ್ತರ ಸೇವೆ ಮತಾಂತರದ ಗಾಳವೆಂಬ ಸಂಶಯ ನಮ್ಮ ನಾಡಿನಲ್ಲಿ ಆಗಾಗ ಕೇಳಿಬರುತ್ತದೆ. ಅದಕ್ಕೆ ವಾದದಿಂದ ಉತ್ತರ ಹೇಳಬೇಕಾಗಿಲ್ಲ. ಯಾರ ದೇವರು ಯಾರೆಂದು ಕೇಳದೆ ಎಲ್ಲರಿಗೂ ಸಲ್ಲುವ ಹಕ್ಕಿಗಾಗಿ ದುಡಿಯುವುದೇ ಉತ್ತರ.

ಆ ಕಾಗದ ಮುಂದೆ ಭೂಮಿಗೆ ದಾರಿಯಾಯಿತು. 2006ರ ಅರಣ್ಯ ಹಕ್ಕುಗಳ ಕಾಯಿದೆಯ ಪ್ರಕಾರ, ಪರಿಶಿಷ್ಟ ಪಂಗಡದವನು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಕಾಡಿನ ನೆಲವನ್ನು ಉಳುತ್ತಿದ್ದರೆ ನಾಲ್ಕು ಹೆಕ್ಟೇರಿನವರೆಗೆ ಹಕ್ಕು ಕೇಳಬಹುದು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿಯೇ ಬಾಳಿದ್ದಕ್ಕೆ ಸಾಕ್ಷ್ಯ ಒದಗಿಸಬೇಕು. ಅಕ್ಷರ ಕಾಣದ ಕುಟುಂಬಕ್ಕೆ 75 ವರ್ಷದ ಹಿಂದಿನ ದಾಖಲೆ ಎಲ್ಲಿಂದ ಬರಬೇಕು? ಇನ್ನೊಂದು ಒಳ್ಳೆಯ ಅಂಶವೂ ಈ ಕಾಯಿದೆಯಲ್ಲಿದೆ: ದೊರೆತ ನೆಲವನ್ನು ಮಾರುವಂತಿಲ್ಲ, ಮತ್ತು ಹಕ್ಕುಪತ್ರ ಗಂಡಹೆಂಡಿರಿಬ್ಬರ ಹೆಸರಿನಲ್ಲಿಯೂ ಇರಬೇಕು. ಹೆಸರಿಗೆ ಮಾತ್ರ ಸಂತಳಾಗಿದ್ದ ಹೆಣ್ಣು ಹೀಗೆ ಭೂಮಿಗೂ ಒಡತಿಯಾಗುತ್ತಾಳೆ.

ಜೋಯಿಡಾದ ಕುಣಬಿಗಳು ಇಂಥದೇ ಕಾಡಿನಲ್ಲಿ ಬಾಳಿದವರು. ಗಡಿಯಾಚೆಯ ಗೋವೆಯಲ್ಲಿ ಅವರ ಬಂಧುಗಳು 2003ರಲ್ಲಿ ಪರಿಶಿಷ್ಟ ಪಂಗಡವಾದರು. ಈಚೆಯವರ ಬೇಡಿಕೆ ಮಾತ್ರ ದೀರ್ಘಕಾಲ ಬೇಡಿಕೆಯಾಗಿಯೇ ಸಾಗಿತು. ಗಡಿಯ ಗೆರೆಯೊಂದು ಅಣ್ಣನನ್ನೂ ತಮ್ಮನನ್ನೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಿಸುವಂತೆ ಮಾಡಿತು. ಸಭೆಯ ಕರೆಗಂಟೆ ಕೇಳುವಷ್ಟು ದೂರಕ್ಕೇ ಶಿಷ್ಯನ ಕಾಳಜಿ ನಿಲ್ಲುವುದಾದರೆ ಕುಣಬಿಗಳ ಪಾಡು ಅವನಿಗೆ ತಟ್ಟದು. ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಗಾಯಗೊಂಡವನ ಮತ ಯಾವುದೆಂದು ನೆರವಾದವನು ವಿಚಾರಿಸಲಿಲ್ಲವೆಂಬುದನ್ನು ಮರೆಯಬಾರದು.

ನಮ್ಮ ಮನೆಯ ಪಾಲು

ಇದೆಲ್ಲ ಯಾರೋ ಪಾದ್ರಿಗಳ, ಭಗಿನಿಯರ ಕೆಲಸವೆಂದು ಪುಟ ತಿರುವುವ ಮುನ್ನ ವಾಚಕರು ತಮ್ಮ ಮನೆಯನ್ನೊಮ್ಮೆ ನೋಡಿಕೊಳ್ಳಬೇಕು. ಮಗುವಿನ ನೋಟುಪುಸ್ತಕದ ಕಾಗದಕ್ಕಾಗಿ ಈ ಕಾಡಿನ ಬಿದಿರು ಗಿರಣಿಗೆ ಹೋಯಿತು. ಬುಟ್ಟಿ ಹೆಣೆಯುವ ಬಡವನು ತೆರುತ್ತಿದ್ದ ಬೆಲೆಗಿಂತ ಎಷ್ಟೋ ಅಗ್ಗದಲ್ಲಿ ಅದನ್ನು ಕೊಡಲಾಗುತ್ತಿತ್ತೆಂದು ಪರಿಸರ ವಿಜ್ಞಾನಿ ಮಾಧವ ಗಾಡಗೀಳರು ಬರೆದಿದ್ದಾರೆ. ನಮ್ಮ ದೀಪಕ್ಕೆ ಬೆಳಕು ತರುವುದಕ್ಕಾಗಿ ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನಲ್ಲಿ ಸೂಪಾ ಎಂಬ ಊರೇ ಮುಳುಗಿತು. ಅಲ್ಲಿನ ಜನ ರಾಮನಗರದಲ್ಲಿ ಹೊಸದಾಗಿ ಒಲೆ ಹೂಡಬೇಕಾಯಿತು. ಊಟದ ನಂತರ ನಾವು ಮೆಲ್ಲುವ ಅಡಕೆಯ ಹಿಂದೆಯೂ ಯಾವನೋ ಒಬ್ಬನ ಬೆನ್ನು ಬಾಗಿದೆ. ಋಣವು ಹಳೆಯ ಪೋರ್ಚುಗೀಸರದು ಮಾತ್ರವಲ್ಲ.

ಯೇಸು ಶಿಲುಬೆಯನ್ನು ಹೊತ್ತು ಸಾಗುತ್ತಿದ್ದಾಗ ರೋಮಿನ ಸಿಪಾಯಿಗಳು ದಾರಿಯಲ್ಲಿ ಬರುತ್ತಿದ್ದ ಒಬ್ಬನನ್ನು ಹಿಡಿದು, ಶಿಲುಬೆಯನ್ನು ಅವನ ಹೆಗಲಿಗೆ ಹೊರಿಸಿದರು. ಅವನು ಕುರೇನೆಯ ಸೀಮೋನ. ಆ ಊರು ಆಫ್ರಿಕದಲ್ಲಿ, ಇಂದಿನ ಲಿಬಿಯಾದಲ್ಲಿದೆ. ಕನ್ನಡದ ಸತ್ಯವೇದ ಈ ಪ್ರಸಂಗಕ್ಕೆ 'ಬಿಟ್ಟಿ' ಎಂಬ ನಮ್ಮ ಹಳ್ಳಿಗಳ ಮಾತನ್ನೇ ಬಳಸಿದೆ. ಯೇಸುವಿನ ಹಿಂದೆ ಶಿಲುಬೆ ಹೊತ್ತು ನಡೆದ ಮೊದಲಿಗನು ಹೀಗೆ ಬಿಟ್ಟಿಗೆ ಸಿಕ್ಕಿದ ಆಫ್ರಿಕದ ಊರಿನವನು.

ಹಳಿಯಾಳದ ಸಂತೆಯಲ್ಲಿ ತಲೆಯ ಮೇಲೆ ಹೊರೆ ಹೊತ್ತು ಬರುವ ಸಿದ್ದಿ ತಾಯಿಯನ್ನು ಕಂಡಾಗ ಈ ಸೀಮೋನನ ನೆನಪಾಗದಿರದು. ಅವಳಿಗೆ ಶಿಲುಬೆ ಹೊರುವುದನ್ನು ಯಾರೂ ಕಲಿಸಬೇಕಾಗಿಲ್ಲ. ಶಿಷ್ಯರೆನಿಸಿಕೊಂಡವರು ಕಲಿಯಬೇಕಾದದ್ದು, ಆ ಹೊರೆಯ ಇನ್ನೊಂದು ತುದಿಗೆ ಕೈಕೊಟ್ಟು ಅದನ್ನು ಕೆಳಗಿಳಿಸುವುದನ್ನು.