ಹಸಿದವರಿಗಾಗಿ ಕತ್ತೆಯನ್ನೂ ಮಾರಿದ ಅಂಗಡಿ!

ಎಲ್ಲಾದರೂ ಯುದ್ಧ ಶುರುವಾಗಿ ಪೇಪರಿನಲ್ಲಿ ಹಸಿದ ಮಕ್ಕಳ ಫೋಟೋ ಬಂದರೆ ಸಾಕು, ನಾಲ್ಕು ದಿನದಲ್ಲಿ ಪೇಟೆಬೀದಿಗೆ ಚಂದಾ ಡಬ್ಬಿ ಬರುತ್ತದೆ. ಅಂಗಡಿಯವರು ಗಲ್ಲಾದಿಂದ ಐದೋ ಹತ್ತೋ ತೆಗೆದು ಹಾಕುತ್ತಾರೆ. ಡಬ್ಬಿ ಮುಂದಿನ ಅಂಗಡಿಗೆ ಹೋದ ಮೇಲೆ ಪಕ್ಕದವರನ್ನು ಕೇಳುತ್ತಾರೆ: "ಇದು ಅಲ್ಲೀತನಕ ಹೋಗುತ್ತೇನ್ರೀ?" ಬಸ್ಸಿನಲ್ಲಿ ಕೂತವರದು ಇನ್ನೊಂದು ಮಾತು: "ಚರ್ಚು, ಮಠ, ಮಸೀದಿ ಎಲ್ಲಾ ಕಡೆ ಪ್ರಾರ್ಥನೆ ಮಾಡ್ತಾರಂತೆ. ಪ್ರಾರ್ಥನೆಯಿಂದ ಹೊಟ್ಟೆ ತುಂಬುತ್ತಾ?"

ಎರಡೂ ನ್ಯಾಯವಾದ ಪ್ರಶ್ನೆಗಳೇ. ಇವೆರಡಕ್ಕೂ ಉತ್ತರ ಹುಡುಕಿದ ಒಂದು ಊರಿನ ಕಥೆ ಇಲ್ಲಿದೆ. ಊರು ಇಂಗ್ಲೆಂಡಿನ ಆಕ್ಸ್‌ಫರ್ಡ್. ಇಸವಿ 1942. ಎರಡನೇ ಮಹಾಯುದ್ಧ ಜೋರಾಗಿ ನಡೆದಿದ್ದ ಕಾಲ.

ಸತ್ತವರ ಪಡಿತರ ಚೀಟಿ

ಮೊದಲು ಗ್ರೀಸ್ ದೇಶದ ಗತಿ ಏನಾಗಿತ್ತು ನೋಡೋಣ. 1941ರ ಏಪ್ರಿಲ್-ಮೇನಲ್ಲಿ ಜರ್ಮನಿ, ಇಟಲಿ, ಬಲ್ಗೇರಿಯಾ ಮೂರೂ ಸೇರಿ ಆ ದೇಶವನ್ನು ಹಂಚಿಕೊಂಡವು. ಗೋಧಿ ಬೆಳೆಯುವ ಉತ್ತರದ ಸೀಮೆ ಬಲ್ಗೇರಿಯಾ ಪಾಲಾಯ್ತು. ಕೈಗೆ ಸಿಕ್ಕ ದಾಸ್ತಾನನ್ನು ಜರ್ಮನ್ ಸೈನ್ಯ ಎತ್ತಿಕೊಂಡಿತು. ಗ್ರೀಸ್ ಶಾಂತಿಯ ಕಾಲದಲ್ಲೂ ಹೊರಗಿನ ಗೋಧಿ ನಂಬಿಕೊಂಡಿದ್ದ ದೇಶ. ಈಗ ಆ ಗೋಧಿಯೂ ಬರುವಂತಿಲ್ಲ! ಯಾಕೆಂದರೆ ಶತ್ರು ಹಿಡಿದ ದೇಶಕ್ಕೆ ಯಾವ ಹಡಗೂ ಹೋಗದಂತೆ ಬ್ರಿಟಿಷ್ ನೌಕಾಪಡೆ ಸಮುದ್ರವನ್ನೇ ಅಡ್ಡಗಟ್ಟಿತ್ತು.

1941-42ರ ಚಳಿಗಾಲದಲ್ಲಿ ಅಥೆನ್ಸ್ ಪಟ್ಟಣದ ಬೀದಿಗಳಲ್ಲಿ ಜನ ಕೂತಲ್ಲೇ ಸತ್ತರು. ಹೆಣಗಳನ್ನು ಪುರಸಭೆಯ ಗಾಡಿಗಳಲ್ಲಿ ಹೇರಿಕೊಂಡು ಹೋಗುತ್ತಿದ್ದರು. ಮನೆಯಲ್ಲಿ ಸಾವಾದರೆ ಸುದ್ದಿ ಮುಚ್ಚಿಟ್ಟು ರಾತ್ರಿ ಹೊತ್ತು ಹೆಣ ಸಾಗಿಸಿದವರಿದ್ದರು. ಕಾರಣ ಕೇಳಿದರೆ ಕರುಳು ಕಿವುಚುತ್ತದೆ: ಸತ್ತವರ ಪಡಿತರ ಚೀಟಿ ಉಳಿಯಲಿ, ಇದ್ದವರಿಗೆ ಆ ಚೂರು ರೊಟ್ಟಿ ಸಿಗಲಿ ಅಂತ! ಆ ಶತ್ರು ಆಡಳಿತದ ವರ್ಷಗಳಲ್ಲಿ ಹಸಿವು ಮತ್ತು ಅದರ ಬೆನ್ನಿಗೆ ಬಂದ ರೋಗಗಳಿಗೆ ಸುಮಾರು 3 ಲಕ್ಷ ಜನ ಬಲಿಯಾದರು ಎಂಬ ಅಂದಾಜಿದೆ.

ಗ್ರೀಸಿನ ಚರ್ಚು ಸುಮ್ಮನೆ ಕೂರಲಿಲ್ಲ. ಆರ್ಚ್‌ಬಿಷಪ್ ದಮಸ್ಕಿನೋಸ್ ಅವರ ಮುಂದಾಳತ್ವದಲ್ಲಿ ಮಕ್ಕಳಿಗೆ ಊಟ ಹಾಕುವ ಏರ್ಪಾಡಾಯ್ತು. ಆದರೆ ಒಲೆ ಇದ್ದರೆ ಸಾಲದು, ಪಾತ್ರೆಗೆ ಹಾಕಲು ಏನಾದರೂ ಬೇಕಲ್ಲ! ತಟಸ್ಥವಾಗಿದ್ದ ತುರ್ಕಿ ದೇಶದಿಂದ 'ಕುರ್ತುಲುಶ್' ಎಂಬ ಹಡಗು 1941ರ ಅಕ್ಟೋಬರಿನಲ್ಲಿ ಆಹಾರ ತಂದಿತು. ಆ ಹೆಸರಿನ ಅರ್ಥ 'ಬಿಡುಗಡೆ'. ನಾಲ್ಕು ಸಾರಿ ಬಂದು ಹೋಯ್ತು. 1942ರ ಜನವರಿಯಲ್ಲಿ ಐದನೇ ಸಾರಿ ಬರುವಾಗ ಬಿರುಗಾಳಿಗೆ ಸಿಕ್ಕಿ ಬಂಡೆಗೆ ಬಡಿದು ಮುಳುಗಿತು. ಅದರ ಬದಲಿಗೆ ಇನ್ನೊಂದು ಹಡಗು ಹೊರಟಿತು.

ಸರ್ಕಾರದ ವಾದ, ಪಾದ್ರಿಗಳ ವಾದ

ಲಂಡನ್ ಸರ್ಕಾರದ ವಾದ ಇಷ್ಟು: ದೇಶ ಹಿಡಿದವರೇ ಆ ದೇಶದ ಜನಕ್ಕೆ ಅನ್ನ ಹಾಕಬೇಕು. ನಾವು ಗೋಧಿ ಕಳಿಸಿದರೆ ಜರ್ಮನರ ಗೋಧಿ ಉಳಿಯುತ್ತದೆ, ಯುದ್ಧ ಲಂಬಿಸುತ್ತದೆ. ಕೇಳಿದರೆ ಹೌದಲ್ಲ ಅನ್ನಿಸುವ ಮಾತೇ. ಆದರೆ ಹಿಡಿದವರು ಅನ್ನ ಹಾಕುತ್ತಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು!

ಇದಕ್ಕೆ ಎದುರಾಡಿದವರಲ್ಲಿ ಚಿಚೆಸ್ಟರ್‌ನ ಬಿಷಪ್ ಜಾರ್ಜ್ ಬೆಲ್ ಮುಖ್ಯರು. ಇವರು ಪೀಠದ ಮೇಲೆ ಕೂತು ಪ್ರಾರ್ಥನೆ ಹೇಳಿ ಮನೆಗೆ ಹೋಗುವ ಪೈಕಿ ಅಲ್ಲ. ಶತ್ರು ಹಿಡಿದ ನಾಡಿನ ಮಕ್ಕಳಿಗೆ ಆಹಾರ ಬಿಡಿ ಅಂತ ಲಾರ್ಡ್ಸ್ ಸಭೆಯಲ್ಲಿ ಎದ್ದು ನಿಂತು ಕೇಳಿದರು. 1942ರ ಮೇ ತಿಂಗಳಲ್ಲಿ ಕ್ಷಾಮ ಪರಿಹಾರ ಸಮಿತಿ ಹುಟ್ಟಿತು, ಬೆಲ್ ಅದರ ಅಧ್ಯಕ್ಷರು. ಅವರ ಜೊತೆ ಕೆಲಸ ಎಳೆದವರು ಎಡಿತ್ ಪೈ ಎಂಬ ಸೂಲಗಿತ್ತಿ ನರ್ಸಮ್ಮ. ಈಕೆ ಕ್ವೇಕರ್ ಪಂಥದವರು. ಪಾದ್ರಿಯಿಲ್ಲದೆ ಮೌನವಾಗಿ ಕೂತು ಪ್ರಾರ್ಥಿಸುವ, ಬಂದೂಕು ಹಿಡಿಯಲೊಲ್ಲದ ಕ್ರೈಸ್ತರು ಇವರು. ಮೊದಲ ಮಹಾಯುದ್ಧ ಮುಗಿದಾಗ ಸೋತ ಜರ್ಮನಿಯ ಮಕ್ಕಳಿಗೂ ಊಟ ಹಾಕಿದ ಜನ!

ಆ ಸಮಿತಿಗೆ ಊರೂರಲ್ಲಿ ಶಾಖೆಗಳಂಥ ಸ್ಥಳೀಯ ಸಮಿತಿಗಳಾದವು. ಅವುಗಳಲ್ಲೊಂದು ಆಕ್ಸ್‌ಫರ್ಡಿನದು. 1942ರ ಅಕ್ಟೋಬರ್ 5ರಂದು ಅಲ್ಲಿನ ಸಂತ ಮೇರಿ ಚರ್ಚಿನ ಹಳೇ ಲೈಬ್ರರಿ ಕೋಣೆಯಲ್ಲಿ ಅದರ ಮೊದಲ ಸಭೆ. ಸಮಿತಿ ಕಟ್ಟಿದವರು ಯಾರ್ಯಾರು? ಆ ಚರ್ಚಿನ ಪಾದ್ರಿ ಮಿಲ್‌ಫರ್ಡ್, ಊರಿನ ಮಾಜಿ ಮೇಯರ್ ಕ್ವೇಕರ್ ಡಾಕ್ಟರ್ ಗಿಲೆಟ್, ಭಾರತದಲ್ಲಿ ಐಸಿಎಸ್ ನೌಕರಿ ಮಾಡಿ ಹೋಗಿದ್ದ ಸರ್ ಅಲನ್ ಪಿಮ್, ಗ್ರೀಕ್ ಪಂಡಿತ ಗಿಲ್ಬರ್ಟ್ ಮರ್ರೆ. ಈ ಮರ್ರೆ ಅವರಿಗೆ ದೇವರ ಮೇಲೆ ಅಂಥ ನಂಬಿಕೆಯೇ ಇರಲಿಲ್ಲ! ಆದರೂ ಪಾದ್ರಿ ಪಕ್ಕ ಕುರ್ಚಿ ಹಾಕಿಕೊಂಡು ಕೂತರು.

ಅಷ್ಟು ಹೊತ್ತಿಗೆ ಸರ್ಕಾರ ಸ್ವಲ್ಪ ಸಡಿಲಿಸಿತ್ತು. 1942ರ ಆಗಸ್ಟ್ ಕೊನೆಯಿಂದ ರೆಡ್‌ಕ್ರಾಸ್ ಮೇಲ್ವಿಚಾರಣೆಯಲ್ಲಿ ಸ್ವೀಡನ್ ಹಡಗುಗಳು ಕೆನಡಾದ ಗೋಧಿ ತರತೊಡಗಿದ್ದವು. ತಿಂಗಳಿಗೆ 15 ಸಾವಿರ ಟನ್ ಲೆಕ್ಕ. ಆದರೆ ಬರೀ ಗೋಧಿಯಿಂದ ಎಳೇ ಮಕ್ಕಳು ಬದುಕುತ್ತವೆಯೇ? ಹಾಲಿನ ಪುಡಿ, ವಿಟಮಿನ್, ಔಷಧಿ ಬಿಡಿ ಅಂತ ಸಮಿತಿಗಳವರು ಸರ್ಕಾರದ ಬಾಗಿಲು ತಟ್ಟುತ್ತಲೇ ಇದ್ದರು. ಬೆಲ್ಜಿಯಂ ಮಕ್ಕಳ ಪರವಾಗಿಯೂ ಕೇಳಿದರು. ಕೇಳಿದ್ದೆಲ್ಲ ಸಿಗಲಿಲ್ಲ.

ಜೊತೆಗೆ ಚಂದಾ ಎತ್ತಿದರು. 1943ರ ಅಕ್ಟೋಬರಿನಲ್ಲಿ ಆಕ್ಸ್‌ಫರ್ಡಿನಲ್ಲಿ 'ಗ್ರೀಕ್ ವಾರ' ನಡೆಸಿ 10 ಸಾವಿರ ಪೌಂಡಿಗೂ ಹೆಚ್ಚು ಹಣ ಕೂಡಿಸಿದರು. ಕೊಟ್ಟವರೇನು ಹೊಟ್ಟೆ ತುಂಬಿದವರೇ? 1940ರ ಜನವರಿಯಿಂದ ಅವರೂ ರೇಷನ್ ಚೀಟಿ ಹಿಡಿದು ಸಾಲಲ್ಲಿ ನಿಂತವರೇ!

ನಮ್ಮ ಬಂಗಾಳದ ಮಾತು

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಅದೇ 1943ರಲ್ಲಿ ನಮ್ಮ ಬಂಗಾಳದಲ್ಲಿ ಕ್ಷಾಮ ಬಡಿಯಿತು. ಸತ್ತವರು ಸುಮಾರು 30 ಲಕ್ಷ ಎಂದು ಅಂದಾಜು. ದಿಲ್ಲಿಯಿಂದ ಮತ್ತೆ ಮತ್ತೆ ಧಾನ್ಯಕ್ಕೆ ಬೇಡಿಕೆ ಹೋದರೂ ಲಂಡನ್ನಿನ ಯುದ್ಧ ಮಂತ್ರಿಮಂಡಲ ಕೇಳಿದಷ್ಟು ಕೊಡಲಿಲ್ಲ. ಕ್ವೇಕರ್ ಯುವಕರ ಒಂದು ತಂಡ ಬಂಗಾಳಕ್ಕೆ ಬಂದು ಪರಿಹಾರದ ಕೆಲಸ ಮಾಡಿತು, ನಿಜ. ಆದರೆ ಸಮುದ್ರದಷ್ಟು ಹಸಿವಿನ ಮುಂದೆ ಅದು ಬೊಗಸೆ ನೀರು. ದಾನ ಎಷ್ಟು ದೊಡ್ಡದಿದ್ದರೂ ಹಡಗಿನ ಅಪ್ಪಣೆ ಸರ್ಕಾರದ ಕೈಯಲ್ಲೇ ಇರುತ್ತದೆ. ಅದಕ್ಕೇ ದಾನ ಮಾಡುವವರು ಸರ್ಕಾರವನ್ನೂ ಕೇಳಬೇಕಾಗುತ್ತದೆ.

ಶೆಟ್ಟರ ಬುದ್ಧಿ

ಯುದ್ಧ ಮುಗಿದ ಮೇಲೆ ಇಂಥ ಸಮಿತಿಗಳಲ್ಲಿ ಬಹಳಷ್ಟು ಬಾಗಿಲು ಹಾಕಿದವು. ಆಕ್ಸ್‌ಫರ್ಡಿನವರು ಮಾತ್ರ ಹಾಕಲಿಲ್ಲ. ಅದರ ಹಿಂದೆ ಇದ್ದವರು ಒಬ್ಬ ವ್ಯಾಪಾರಿ! ಸೆಸಿಲ್ ಜಾಕ್ಸನ್-ಕೋಲ್ ಅಂತ. ಚಿಕ್ಕ ವಯಸ್ಸಿನಲ್ಲೇ ಶಾಲೆ ಬಿಟ್ಟು ಲಂಡನ್ನಿನಲ್ಲಿ ಮೇಜು ಕುರ್ಚಿ ವ್ಯಾಪಾರಕ್ಕೆ ಇಳಿದವರು, ದೇವರಲ್ಲಿ ಗಟ್ಟಿ ನಂಬಿಕೆಯವರು. ಸಮಿತಿಗೆ ಗೌರವ ಕಾರ್ಯದರ್ಶಿಯಾದರು. ಧರ್ಮದ ಕೆಲಸವನ್ನೂ ಅಂಗಡಿಯಷ್ಟೇ ಶಿಸ್ತಾಗಿ ನಡೆಸಬೇಕು ಅನ್ನುವುದು ಅವರ ಪಟ್ಟು.

ಜನ ಹಳೇ ಬಟ್ಟೆಯ ಜೊತೆ ಕಂಡಕಂಡ ಸಾಮಾನೆಲ್ಲ ತಂದು ಕೊಡುತ್ತಿದ್ದರು. ಹಸಿದವನಿಗೆ ಹೂದಾನಿ ಕಳಿಸಿ ಏನು ಪ್ರಯೋಜನ? ಮಾರಿ ದುಡ್ಡು ಮಾಡಿ ಅಂದರು. 1947ರ ಕೊನೆಗೆ ಬ್ರಾಡ್ ಸ್ಟ್ರೀಟಿನ 17ನೇ ನಂಬರಿನಲ್ಲಿ ಜಾಗ ಹಿಡಿದು ಅಂಗಡಿಯನ್ನೇ ಇಟ್ಟರು. 1949ರಲ್ಲಿ ಅಲ್ಲಿಗೆ ಬಂದ ಜೋ ಮಿಟ್ಟಿ ಎಂಬ ಮ್ಯಾನೇಜರ್ ಮಾರದ ವಸ್ತುವಿಲ್ಲ. ಒಂದು ಸಾರಿ ಯಾರೋ ಕೊಟ್ಟ ಜೀವಂತ ಕತ್ತೆಯನ್ನೂ ಮಾರಿ ಗಲ್ಲಾಪೆಟ್ಟಿಗೆಗೆ ದುಡ್ಡು ಹಾಕಿದರು!

ಆ ಸಮಿತಿಯ ಉದ್ದ ಹೆಸರನ್ನು ತಂತಿ ವಿಳಾಸಕ್ಕಾಗಿ ಮೊಟಕು ಮಾಡಿದ್ದೇ 'ಆಕ್ಸ್‌ಫಾಮ್'. 1951ರಲ್ಲಿ ಬಿಹಾರಕ್ಕೆ ಕ್ಷಾಮ ಬಂದಾಗ ಇವರ ದುಡ್ಡು ನಮ್ಮ ದೇಶಕ್ಕೂ ಬಂತು. ಯುದ್ಧದ ಹಸಿವಿಗೆ ಮಾತ್ರವಲ್ಲ, ಪ್ರಕೃತಿ ವಿಕೋಪಕ್ಕೂ ಅವರು ಕೈಯೆತ್ತಿ ಕೊಟ್ಟಿದ್ದು ಅದೇ ಮೊದಲು.

ಆದ್ದರಿಂದ ಡಬ್ಬಿ ಬಂದಾಗ ಬೈದು ಕಳಿಸಬೇಡಿ, ಕಣ್ಣು ಮುಚ್ಚಿಯೂ ಹಾಕಬೇಡಿ. ಮೂರು ಮಾತು ಕೇಳಿ. ಅಲ್ಲಿ ಇದನ್ನು ಹಂಚುವವರು ಯಾರು? ಒಳಗೆ ಬಿಡಲು ಅಪ್ಪಣೆ ಸಿಕ್ಕಿದೆಯಾ? ಲೆಕ್ಕ ಯಾವಾಗ ತೋರಿಸ್ತೀರಿ? ಸರಿಯಾದ ಉತ್ತರ ಬಂದರೆ ಧಾರಾಳವಾಗಿ ಕೊಡಿ.

ಇನ್ನು ಪ್ರಾರ್ಥನೆಯ ಮಾತು. ಅದರಿಂದ ಹೊಟ್ಟೆ ತುಂಬುತ್ತದೆ ಅಂತ ಪಾದ್ರಿ ಮಿಲ್‌ಫರ್ಡ್ ಆಗಲಿ, ಬಿಷಪ್ ಬೆಲ್ ಆಗಲಿ ಕೂತುಕೊಳ್ಳಲಿಲ್ಲ. ಪ್ರಾರ್ಥನೆ ಮುಗಿಸಿ ಎದ್ದರು, ಅರ್ಜಿ ಬರೆದರು, ರಸೀದಿ ಹರಿದರು, ಕೊನೆಗೆ ಅಂಗಡಿ ತೆರೆದರು. ಮುಂದಿನ ಕೆಲಸ ತಕ್ಕಡಿಯದು. ಆ ಕೆಲಸ ನಮ್ಮ ಪೇಟೆಬೀದಿಯವರಿಗೆ ಯಾರೂ ಕಲಿಸಬೇಕಾಗಿಲ್ಲ.